ದೇವರು ನಿಮ್ಮನ್ನು ಮಾತಾಡಿಸಲಿ: ಜರ್ಮನ್ ವಂದನೆಗಳ ಚರಿತ್ರೆಯಿಂದ ನಮಗೊಂದು ಪಾಠ



ನಮ್ಮ ಕಾಸರಗೋಡು ಸೀಮೆಯ ಕ್ರೈಸ್ತ ಮನೆಗಳಲ್ಲಿ ಈಗ ಜರ್ಮನ್ ಭಾಷೆಯ ಪಾಠಪುಸ್ತಕ ಕಾಣುವುದು ಅಪರೂಪವೇನಲ್ಲ. ನರ್ಸಿಂಗ್ ಮುಗಿಸಿದ ನಮ್ಮ ಅಕ್ಕಂದಿರು, ಅಣ್ಣಂದಿರು ಬಿ1 ಆಯಿತು, ಬಿ2 ಬಾಕಿ ಎಂದು ಹಂತ ಎಣಿಸುತ್ತಾ ಓದುತ್ತಿದ್ದಾರೆ. ಕೇರಳದ ಕ್ರೈಸ್ತ ಯುವತಿಯರು 1960ರ ದಶಕದಿಂದಲೇ ಜರ್ಮನಿಯ ಆಸ್ಪತ್ರೆಗಳಿಗೆ ದುಡಿಯಲು ಹೋದವರು. 2021ರಲ್ಲಿ ಕೇರಳ ಸರಕಾರದ ನೋರ್ಕಾ ರೂಟ್ಸ್ ಸಂಸ್ಥೆ ಜರ್ಮನಿಯ ಸರಕಾರಿ ಉದ್ಯೋಗ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡ ಮೇಲೆ ಈ ದಾರಿ ಇನ್ನಷ್ಟು ಅಗಲವಾಗಿದೆ.

ಯಾರೇ ಕಲಿಯಲಿ, ಮೊದಲ ಪಾಠ ಒಂದೇ: ವಂದನೆ ಹೇಳುವುದು, ಹೆಸರು ಹೇಳುವುದು, ಕ್ಷೇಮ ಕೇಳುವುದು. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಆದರೆ ಆ ನಾಲ್ಕು ಮಾತುಗಳ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಅದರಲ್ಲಿ ಪ್ರಾರ್ಥನೆ ಇದೆ, ಮೇಲು ಕೀಳಿನ ಲೆಕ್ಕ ಇದೆ, ನಂಬಿಕೆಯುಳ್ಳವರ ಪ್ರಾಣಕ್ಕೇ ಬಂದ ಪರೀಕ್ಷೆಯೂ ಇದೆ. ಹೋಗುವವರಿಗೂ ಇಲ್ಲೇ ಉಳಿಯುವ ನಮಗೂ ಅದು ತಿಳಿದಿರಲಿ ಎಂದು ಈ ಬರಹ.

ಮಾತಿನೊಳಗೆ ಅಡಗಿದ ದೇವರು

ಜರ್ಮನಿಯ ಎಲ್ಲ ಕಡೆಯೂ ನಡೆಯುವ ವಂದನೆ ‘ಗೂಟನ್ ಟಾಗ್’. ‘ಒಳ್ಳೆಯ ದಿನ’ ಎಂದರ್ಥ. ಆದರೆ ದಕ್ಷಿಣದ ಬವೇರಿಯಾ, ವ್ಯೂರ್ಟೆಂಬರ್ಗ್ ಪ್ರಾಂತಗಳಲ್ಲಿ ಮತ್ತು ಆಸ್ಟ್ರಿಯಾದಲ್ಲಿ ಅಂಗಡಿಗೆ ಹೋದರೆ, ಬಸ್ಸು ಹತ್ತಿದರೆ, ಊರ ದಾರಿಯಲ್ಲಿ ಅಪರಿಚಿತರು ಎದುರಾದರೆ ಕೇಳಿಬರುವುದು ‘ಗ್ರೂಸ್ ಗೊಟ್’. ‘ಗೊಟ್’ ಅಂದರೆ ದೇವರು. ‘ಗ್ರೂಸ್’ ಅಂದರೆ ವಂದಿಸು. ಹೊಸದಾಗಿ ಕಲಿಯುವವರು ಇದನ್ನು ‘ದೇವರಿಗೆ ವಂದನೆ ತಿಳಿಸು’ ಎಂದು ಓದಿಕೊಳ್ಳುತ್ತಾರೆ. ಉತ್ತರ ಜರ್ಮನಿಯವರು ತಮಾಷೆಗೆ, ‘ಅವರನ್ನು ಕಂಡಾಗ ತಿಳಿಸುತ್ತೇನೆ’ ಎಂದು ಉತ್ತರ ಕೊಡುವುದೂ ಉಂಟು.

ನಿಜವಾದ ಅರ್ಥ ಅದಲ್ಲ. ಇದು ‘ದೇವರು ನಿನ್ನನ್ನು ವಂದಿಸಲಿ’ ಎಂಬ ಹಳೆಯ ಮಾತಿನ ಸಂಕ್ಷೇಪ. ದೇವರು ಮನುಷ್ಯನನ್ನು ವಂದಿಸುವುದು ಎಂದರೆ ನಮ್ಮ ಕಿವಿಗೆ ವಿಚಿತ್ರ ಅನಿಸುತ್ತದೆ. ಆದರೆ ‘ಗ್ರೂಸನ್’ ಎಂಬ ಕ್ರಿಯಾಪದದ ಹಳೆಯ ಅರ್ಥ ಕೈಮುಗಿಯುವುದಲ್ಲ. ಒಬ್ಬನನ್ನು ಉದ್ದೇಶಿಸಿ ಮಾತಾಡುವುದು, ಅವನ ಬಾಯಿಂದ ಮಾತು ಹೊರಡಿಸುವುದು. ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಮಾತು ಬೇರೆ ಹುಡುಕಬೇಕಾಗಿಲ್ಲ: ‘ಮಾತಾಡಿಸು’. ದಾರಿಯಲ್ಲಿ ಸಿಕ್ಕಿಯೂ ಮಾತಾಡಿಸಲಿಲ್ಲ ಎಂದು ನಾವು ಬೇಸರಪಡುತ್ತೇವೆ. ಮನೆಗೆ ಬಂದವರನ್ನು ಚೆನ್ನಾಗಿ ಮಾತಾಡಿಸಿದರು ಎಂದು ಸಂತೋಷಪಡುತ್ತೇವೆ. ಹಾಗಾದರೆ ‘ಗ್ರೂಸ್ ಗೊಟ್’ ಅಂದರೆ ‘ದೇವರು ನಿಮ್ಮನ್ನು ಮಾತಾಡಿಸಲಿ’. ಆಶೀರ್ವಾದವೇ ಅದು.

ಮಾರ್ಟಿನ್ ಲೂಥರ್ ಈ ವಂದನೆಯ ಬಗ್ಗೆ ಯೋಚಿಸಿದ್ದ ಎಂಬುದು ನಮಗೆ ಹೊಸ ವಿಷಯವಾಗಿತ್ತು. 1522ರಲ್ಲಿ ಅವನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯಿತು. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಗಬ್ರಿಯೇಲ ದೂತನು ಮರಿಯಳಿಗೆ ಹೇಳಿದ ವಂದನೆಯನ್ನು ಅನುವಾದಿಸಿದ ರೀತಿಗೆ ಕೆಲವರು ಆಕ್ಷೇಪ ಎತ್ತಿದರು. 1530ರಲ್ಲಿ ಅನುವಾದದ ಕುರಿತು ಬರೆದ ಪತ್ರದಲ್ಲಿ ಲೂಥರ್ ಅವರಿಗೆ ಉತ್ತರ ಕೊಟ್ಟ. ಲ್ಯಾಟಿನಿನಲ್ಲಿರುವಂತೆ ‘ಕೃಪೆಯಿಂದ ತುಂಬಿದವಳೇ’ ಎಂದು ಶಬ್ದಕ್ಕೆ ಶಬ್ದ ಇಟ್ಟರೆ ಜರ್ಮನ್ನನಿಗೆ ಬಿಯರ್ ತುಂಬಿದ ಪೀಪಾಯಿ, ಹಣ ತುಂಬಿದ ಚೀಲ ನೆನಪಾಗುತ್ತದೆ ಅಂದ. ದೂತನು ಜರ್ಮನ್ ಮಾತಾಡಿದ್ದರೆ ಮನೆಮನೆಯಲ್ಲಿ ಹೇಳುವ ಹಾಗೆ, ದೇವರು ನಿನ್ನನ್ನು ವಂದಿಸಲಿ ಪ್ರಿಯ ಮರಿಯಳೇ ಎಂಬಂತೆ ಹೇಳುತ್ತಿದ್ದ ಎಂಬುದು ಅವನ ವಾದ. ಅಂಗಡಿಯ ಬಾಗಿಲಲ್ಲಿ ಹೇಳುವ ವಂದನೆಯೇ ದೇವದೂತನ ಬಾಯಿಗೂ ಸಲ್ಲುತ್ತದೆ ಎಂದು ಅವನಿಗೆ ಅನಿಸಿತ್ತು.

ಹುಡುಕುತ್ತಾ ಹೋದರೆ ಜರ್ಮನ್ ಮಾತಾಡುವ ನಾಡುಗಳ ವಂದನೆಗಳಲ್ಲಿ ಇಂಥದು ಬಹಳ ಇದೆ. ಸ್ವಿಜರ್ಲೆಂಡಿನ ಜ್ಯೂರಿಕ್ ಕಡೆಯವರ ‘ಗ್ರುಎಟ್ಸಿ’ ಕೂಡ ‘ದೇವರು ನಿಮ್ಮನ್ನು ವಂದಿಸಲಿ’ ಎಂಬುದು ಸವೆದು ಉಳಿದ ಚೂರು. ಬವೇರಿಯಾದವರು ಬೀಳ್ಕೊಡುವಾಗ ಹೇಳುವ ‘ಪ್ಫಿಯಟ್ ಡಿ’ ಎಂದರೆ ‘ದೇವರು ನಿನ್ನನ್ನು ಕಾಯಲಿ’. ವ್ಯೂರ್ಟೆಂಬರ್ಗಿನವರ ‘ಅಡೇ’ ಫ್ರೆಂಚಿನ ‘ಅದಿಯೋ’ದಿಂದ ಬಂದದ್ದು, ‘ದೇವರಿಗೆ ಒಪ್ಪಿಸಿದೆ’ ಎಂಬ ಭಾವ. ಇಂದು ಜರ್ಮನಿಯ ಎಳೆಯರೆಲ್ಲ ಫೋನಿಡುವಾಗ ಹೇಳುವ ‘ಚ್ಯೂಸ್’ ಕೂಡ ಅದೇ ಕುಟುಂಬದ ಮಾತು. ಮಧ್ಯಾಹ್ನ ಕಚೇರಿಗಳಲ್ಲಿ ಎದುರಾದವರು ‘ಮಾಲ್‌ತ್ಸೈಟ್’ ಅನ್ನುತ್ತಾರೆ. ಬರಿದಾಗಿ ನೋಡಿದರೆ ‘ಊಟದ ಹೊತ್ತು’ ಎಂದಷ್ಟೇ ಅರ್ಥ. ಪೂರ್ತಿ ಮಾತು ‘ಆಶೀರ್ವದಿಸಲ್ಪಟ್ಟ ಊಟ’ ಎಂದಿತ್ತು. ಆಶೀರ್ವಾದ ಉದುರಿಹೋಗಿ ಊಟ ಮಾತ್ರ ಉಳಿದಿದೆ.

ಕಥೋಲಿಕ ಊರುಗಳಲ್ಲಿ ಇನ್ನೊಂದು ವಂದನೆ ಇತ್ತು. ಒಬ್ಬರು ‘ಯೇಸು ಕ್ರಿಸ್ತನಿಗೆ ಸ್ತುತಿ’ ಎನ್ನುವರು. ಇನ್ನೊಬ್ಬರು ‘ಸದಾಕಾಲಕ್ಕೂ, ಆಮೆನ್’ ಎಂದು ಮರುನುಡಿಯುವರು. 1587ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಈ ವಂದನೆಯನ್ನು ಪ್ರೋತ್ಸಾಹಿಸಿದ ಮೇಲೆ ಅದು ದೇಶದೇಶಗಳಿಗೆ ಹರಡಿತು. ನಮ್ಮ ನೆರೆಯ ಮಲಯಾಳಿ ಕ್ರೈಸ್ತರು ಪಾದ್ರಿಗಳನ್ನು ಕಂಡಾಗ ‘ಈಶೋ ಮಿಶಿಹಾಯ್ಕ್ ಸ್ತುತಿಯಾಯಿರಿಕ್ಕಟ್ಟೆ’ ಎನ್ನುತ್ತಾರಲ್ಲ, ಅದು ಇದೇ ಮಾತು. ಪಕ್ಕದ ಮನೆಯ ಮಾತು ಸಾವಿರಾರು ಮೈಲು ದೂರದ ಹಳ್ಳಿಯಲ್ಲೂ ಇತ್ತು ಎಂದು ತಿಳಿದಾಗ ನಮಗೆ ಸಭೆಯ ವಿಸ್ತಾರ ಎಷ್ಟು ಎಂಬುದು ಒಂದು ಕ್ಷಣ ಕಣ್ಣಿಗೆ ಕಟ್ಟಿದಂತಾಯಿತು.

ನೀನು, ನೀವು, ತಾವು

ವಂದನೆ ಆದ ಮೇಲೆ ಬರುವ ಪ್ರಶ್ನೆ: ಎದುರಿಗಿರುವವರನ್ನು ಏನೆಂದು ಕರೆಯುವುದು? ಇಂಗ್ಲಿಷ್ ಕಲಿಯುವಾಗ ಈ ಕಷ್ಟ ಇರಲಿಲ್ಲ. ಜರ್ಮನಿನಲ್ಲಿ ಕನ್ನಡದ ಹಾಗೆ ಎರಡಿವೆ. ‘ಡೂ’ ಅಂದರೆ ನೀನು. ‘ಜೀ’ ಅಂದರೆ ನೀವು. ಹಿಂದಿಯಲ್ಲಿ ಗೌರವಕ್ಕೆ ‘ಜೀ’ ಸೇರಿಸುತ್ತಾರಲ್ಲ, ಅದನ್ನು ನೆನಪಿಟ್ಟುಕೊಂಡರೆ ಯಾವುದು ಗೌರವದ ಮಾತು ಎಂದು ಮರೆಯುವುದಿಲ್ಲ. ಎರಡಕ್ಕೂ ಸಂಬಂಧ ಮಾತ್ರ ಇಲ್ಲ.

ಇದಕ್ಕೂ ಚರಿತ್ರೆ ಇದೆ. ಮಧ್ಯಯುಗದಲ್ಲಿ ಸಮಾನರಿಗೆ ‘ಡೂ’, ದೊಡ್ಡವರಿಗೆ ಬಹುವಚನದ ‘ಈರ್’ ಸಾಕಾಗಿತ್ತು. 17ನೆಯ ಶತಮಾನದಲ್ಲಿ ಅದೂ ಸಾಲದೆಂದು ಎದುರಿಗಿದ್ದವರನ್ನೇ ‘ಅವನು’, ‘ಅವಳು’ ಎಂದು ದೂರ ನಿಲ್ಲಿಸಿ ಗೌರವಿಸತೊಡಗಿದರು. ಮುಂದೆ ಅದಕ್ಕಿಂತ ಹೆಚ್ಚಿನ ಮರ್ಯಾದೆಗೆ ‘ಅವರು’ ಎಂಬರ್ಥದ ‘ಜೀ’ ಬಂತು. ಅದು ಬಂದದ್ದೇ ‘ಅವನು’ ಕೆಳಕ್ಕಿಳಿಯಿತು. ಯಜಮಾನರು ಆಳುಗಳನ್ನು ಕರೆಯುವ ಮಾತಾಯಿತು. ಹೀಗೆ ಒಂದು ಕಾಲದ ಮರ್ಯಾದೆ ಇನ್ನೊಂದು ಕಾಲದ ಅವಮಾನವಾಯಿತು. ನಮ್ಮ ‘ತಾವು’ ಕೂಡ ಮೂಲದಲ್ಲಿ ‘ಅವರು ತಾವೇ’ ಎನ್ನುವಂಥ ಪ್ರಥಮ ಪುರುಷದ ಮಾತೇ ಅಲ್ಲವೇ? ಗೌರವ ಹೆಚ್ಚಿಸಬೇಕಾದಾಗ ಮನುಷ್ಯರನ್ನು ಒಂದು ಹೆಜ್ಜೆ ದೂರ ನಿಲ್ಲಿಸುವುದು ಎರಡೂ ಭಾಷೆಗಳಿಗೆ ಹೊಳೆದಿದೆ.

ಆದರೆ ಎರಡು ಭಾಷೆಗಳಲ್ಲೂ ದೇವರನ್ನು ಮಾತ್ರ ದೂರ ನಿಲ್ಲಿಸಲಿಲ್ಲ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ತಂದೆಗೆ ‘ನಿನ್ನ’ ಎನ್ನುತ್ತೇವೆ. ಜರ್ಮನರು ‘ಡೂ’ ಬಳಗದ ಮಾತನ್ನೇ ಬಳಸುತ್ತಾರೆ. ಕಚೇರಿಯ ಗುಮಾಸ್ತನಿಗೆ ‘ಜೀ’, ಪರಲೋಕದ ತಂದೆಗೆ ‘ಡೂ’. ಮಕ್ಕಳಿಗೆ ತಂದೆಯ ಹತ್ತಿರ ಇರುವ ಸಲಿಗೆ ಅದು.

ಆ ವಂದನೆಯವರು ನಮ್ಮ ಕರಾವಳಿಗೆ ಬಂದಾಗ

‘ಗ್ರೂಸ್ ಗೊಟ್’ ಎನ್ನುವ ನಾಡಿನವರಿಗೂ ನಮ್ಮ ಸೀಮೆಗೂ ಹಳೆಯ ಸಂಬಂಧವಿದೆ. 1815ರಲ್ಲಿ ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಮಿಶನ್ ಸ್ಥಾಪನೆಯಾಯಿತು. ಅದರ ಮಿಶನರಿಗಳಲ್ಲಿ ಬಹಳ ಮಂದಿ ಪಕ್ಕದ ವ್ಯೂರ್ಟೆಂಬರ್ಗಿನ ಭಕ್ತ ಮನೆತನಗಳವರು. 1834ರ ಅಕ್ಟೋಬರಿನಲ್ಲಿ ಸಾಮುವೇಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು ಅವರೇ. ಸ್ಟುಟ್‌ಗಾರ್ಟಿನ ಹರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ನೆಲಸಿ ಮಲಯಾಳಕ್ಕೆ ದುಡಿದರು. ಅವರ ಮಲಯಾಳ ನಿಘಂಟು ಬಂದದ್ದು 1872ರಲ್ಲಿ. ಉತ್ತರದ ಸಮುದ್ರತೀರದ ಈಸ್ಟ್ ಫ್ರೀಸ್‌ಲ್ಯಾಂಡಿನಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದು 1894ರಲ್ಲಿ ಕನ್ನಡದ ಮಹಾ ನಿಘಂಟನ್ನು ಕೊಟ್ಟರು. ಉತ್ತರಕ್ಕೆ ಕಿಟ್ಟೆಲರ ಭಾಷೆ, ದಕ್ಷಿಣಕ್ಕೆ ಗುಂಡರ್ಟರ ಭಾಷೆ, ನಡುವೆ ನಾವು. 1956ರ ನವೆಂಬರ್ 1ರಂದು ಗಡಿರೇಖೆ ಬಿದ್ದು ಕಾಸರಗೋಡು ಕೇರಳಕ್ಕೆ ಸೇರಿದರೂ ನಮ್ಮ ಮನೆಯ ಮಾತಿಗೆ ಈ ಎರಡೂ ನಿಘಂಟುಗಳು ಬೇಕು.

ಅವರು ಇಲ್ಲಿಗೆ ಬಂದಾಗ ಅವರದ್ದೂ ಮೊದಲ ಪಾಠವೇ. ಯಾರಿಗೆ ನೀನು, ಯಾರಿಗೆ ನೀವು, ಬಾಗಿಲಲ್ಲಿ ನಿಂತವರನ್ನು ಏನೆಂದು ಮಾತಾಡಿಸಬೇಕು ಎಂಬುದನ್ನು ನಮ್ಮ ಹಿರಿಯರ ಬಾಯಿಂದ ಕೇಳಿ ಕಲಿಯಬೇಕಾಗಿತ್ತು. ನಿಘಂಟು ಬರೆದದ್ದು ಆ ಮೇಲೆ. ಮೊದಲು ಮಾತಾಡಿಸಿದರು, ತಪ್ಪಿದರು, ತಿದ್ದಿಕೊಂಡರು.

ಈ ಕಡೆಯಿಂದ ಆ ಕಡೆಗೆ ಹೋದವರೂ ಇದ್ದಾರೆ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. ಮೋಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ 1846ರಿಂದ 1851ರವರೆಗೆ ಅಲ್ಲಿಯ ಮಿಶನ್ ಸೆಮಿನರಿಯಲ್ಲಿ ಓದಿದರು. ಬೋಧಕರಾಗಿ ಅಭಿಷೇಕ ಹೊಂದಿ ಮರಳಿದರು. ಇಂದು ಕೊಚ್ಚಿಯಲ್ಲಿ ವಿಮಾನ ಹತ್ತುವ ನಮ್ಮ ಹುಡುಗ ಹುಡುಗಿಯರಿಗೆ ಮೊಬೈಲಿನಲ್ಲಿ ಅನುವಾದದ ಆ್ಯಪ್ ಇದೆ. ಇಪ್ಪತ್ತರ ಹರೆಯದ ಕೌಂಡಿನ್ಯರಿಗೆ ಹಡಗಿನ ದಾರಿ, ಗುರುಗಳ ಜೊತೆ, ಕಲಿಯುವ ಮನಸ್ಸು ಇಷ್ಟೇ ಇದ್ದದ್ದು. ನಮ್ಮ ಕರಾವಳಿಯ ಯುವಕರು ಜರ್ಮನ್ ನಾಡಿನಲ್ಲಿ ಮೊದಲ ಮಾತು ಆಡುವುದಕ್ಕೆ ಸುಮಾರು 180 ವರ್ಷಗಳ ಹಿಂದೆಯೇ ಅವರು ದಾರಿ ತೋರಿಸಿದ್ದಾರೆ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧನದ ಶಿಬಿರಗಳಲ್ಲಿಟ್ಟು ಕೊನೆಗೆ ದೇಶ ಬಿಡಿಸಿತು. ಸಭೆಗಳ ಹೊಣೆ ಇಲ್ಲಿನವರ ಹೆಗಲಿಗೆ ಬಂತು. ಅವರು ಬಿಟ್ಟುಹೋದ ದೇಶದಲ್ಲಿ ಇಪ್ಪತ್ತು ವರ್ಷಗಳೊಳಗೆ ವಂದನೆಗೇ ದೊಡ್ಡ ಕೇಡು ಬಂತು.

ವಂದನೆಯೇ ಪರೀಕ್ಷೆಯಾದಾಗ

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಅದೇ ವರ್ಷದ ಜುಲೈಯಲ್ಲಿ ಸರಕಾರಿ ನೌಕರರೆಲ್ಲ ಬಲಗೈ ಚಾಚಿ ‘ಹೈಲ್ ಹಿಟ್ಲರ್’ ಎಂದೇ ವಂದಿಸಬೇಕೆಂಬ ಆದೇಶ ಹೊರಟಿತು. ಶಾಲೆಯಲ್ಲಿ ಪಾಠ ಶುರುವಾಗುವುದು ಅದರಿಂದ. ಅಂಗಡಿ, ಕಚೇರಿಗಳ ಬಾಗಿಲಲ್ಲಿ ಒಳಗೆ ಬರುವವರು ಹೀಗೆಯೇ ವಂದಿಸಬೇಕೆಂಬ ಫಲಕ. ಕಾಗದದ ಕೊನೆಗೂ ಅದೇ. ಇದಕ್ಕೆ ಇಟ್ಟ ಹೆಸರು ‘ಜರ್ಮನ್ ವಂದನೆ’. ಅಂದರೆ ಬೇರೆ ರೀತಿ ವಂದಿಸಿದವನು ಜರ್ಮನ್ನನೇ ಅಲ್ಲ ಎಂಬ ಹಾಗೆ.

‘ಹೈಲ್’ ಎಂಬ ಶಬ್ದವನ್ನು ಸ್ವಲ್ಪ ನೋಡೋಣ. ಅದಕ್ಕೆ ಕ್ಷೇಮ, ಸ್ವಸ್ಥತೆ, ರಕ್ಷಣೆ ಎಂಬ ಅರ್ಥಗಳಿವೆ. ಜರ್ಮನ್ ಕ್ರೈಸ್ತರು ಯೇಸುಸ್ವಾಮಿಯನ್ನು ಕರೆಯುವ ‘ಹೈಲಾಂಟ್’, ಅಂದರೆ ರಕ್ಷಕ, ಎಂಬ ಮಾತು ಅದೇ ಬೇರಿನದು. ರಕ್ಷಕನ ಬಳಗದ ಮಾತನ್ನು ತಂದು ಒಬ್ಬ ಮನುಷ್ಯನ ಹೆಸರಿಗೆ ಅಂಟಿಸಿ ದಿನಕ್ಕೆ ಹತ್ತಾರು ಸಲ ಎಲ್ಲರ ಬಾಯಲ್ಲಿ ಹೇಳಿಸಿದರು. ‘ದೇವರು ನಿನ್ನನ್ನು ಮಾತಾಡಿಸಲಿ’ ಎನ್ನುತ್ತಿದ್ದ ಬಾಗಿಲಲ್ಲಿ ದೇವರ ಜಾಗಕ್ಕೆ ಮನುಷ್ಯ ಬಂದು ನಿಂತ.

ಸಭೆಗಳೆಲ್ಲ ಇದನ್ನು ವಿರೋಧಿಸಿದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಹಳ ಪಾದ್ರಿಗಳು ಕೈ ಎತ್ತಿದರು. ‘ಜರ್ಮನ್ ಕ್ರೈಸ್ತರು’ ಎಂಬ ಪಂಗಡದವರು ಆ ವಂದನೆಯನ್ನು ದೇವಾಲಯದ ಒಳಗೇ ತಂದರು. ಹೆದರಿಕೆಯಿಂದ ಎತ್ತಿದವರು ಕೆಲವರು, ಮನಸಾರೆ ಎತ್ತಿದವರು ಕೆಲವರು, ಎಲ್ಲರೂ ಮಾಡುತ್ತಾರೆ ಎಂದು ಎತ್ತಿದವರು ಇನ್ನು ಕೆಲವರು. ನಾವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆವು ಎಂದು ಕೇಳಿಕೊಂಡಾಗ ನಮ್ಮಲ್ಲಿ ಯಾರಿಗೂ ಧೈರ್ಯದ ಉತ್ತರ ಬಾಯಿಗೆ ಬರಲಿಲ್ಲ.

ಆದರೂ ಎತ್ತದವರಿದ್ದರು. ಬಾಸೆಲಿನಲ್ಲಿ ಹುಟ್ಟಿದ ಕಾರ್ಲ್ ಬಾರ್ಟ್ ಆಗ ಬಾನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರದ ಪ್ರಾಧ್ಯಾಪಕ. ಅವರು ತರಗತಿಯನ್ನು ಆ ವಂದನೆಯಿಂದ ಶುರುಮಾಡಲಿಲ್ಲ; ದೇವರ ಆರಾಧನೆಯಿಂದ ಶುರುಮಾಡಿದರು. 1934ರ ಮೇ ಕೊನೆಯಲ್ಲಿ ಬಾರ್ಮೆನ್ ನಗರದಲ್ಲಿ ಸೇರಿದ ಸಭಾ ಪ್ರತಿನಿಧಿಗಳು, ಸಭೆ ಕಿವಿಗೊಡಬೇಕಾದದ್ದು ಯೇಸು ಕ್ರಿಸ್ತನೆಂಬ ಒಂದೇ ವಾಕ್ಯಕ್ಕೆ ಎಂದು ಸಾರಿದರು. ಆ ಘೋಷಣೆಯ ಬರವಣಿಗೆಯಲ್ಲಿ ಬಾರ್ಟ್ ಅವರದು ಮುಖ್ಯ ಪಾತ್ರ. ಹಿಟ್ಲರನಿಗೆ ಷರತ್ತಿಲ್ಲದ ಪ್ರಮಾಣ ಮಾಡಲು ಒಪ್ಪದ ಅವರನ್ನು ಕೆಲಸದಿಂದ ತೆಗೆದರು. 1935ರಲ್ಲಿ ಅವರು ಬಾಸೆಲಿಗೆ ಮರಳಿ ಅಲ್ಲಿ ಪಾಠ ಮುಂದುವರಿಸಿದರು.

ಪೌಲ್ ಶ್ನೈಡರ್ ಹಳ್ಳಿಯ ಒಬ್ಬ ಪಾದ್ರಿ, ಆರು ಮಕ್ಕಳ ತಂದೆ. 1937ರಲ್ಲಿ ಅವರನ್ನು ಬುಕೆನ್‌ವಾಲ್ಡ್ ಸೆರೆಶಿಬಿರಕ್ಕೆ ಹಾಕಿದರು. 1938ರ ಏಪ್ರಿಲಿನಲ್ಲಿ ಹಿಟ್ಲರನ ಹುಟ್ಟುಹಬ್ಬದ ದಿನ ಕೈದಿಗಳೆಲ್ಲ ಟೊಪ್ಪಿ ತೆಗೆದು ನಾಜಿ ಧ್ವಜಕ್ಕೆ ವಂದಿಸಬೇಕಾಗಿತ್ತು. ಶ್ನೈಡರ್ ತೆಗೆಯಲಿಲ್ಲ. ಚಾವಟಿಯಲ್ಲಿ ಹೊಡೆದು ಒಂಟಿ ಕೋಣೆಯಲ್ಲಿ ಕೂಡಿದರು. ಆ ಕೋಣೆಯ ಕಿಟಕಿಯಿಂದಲೇ ಅವರು ಹೊರಗೆ ನಿಂತ ಕೈದಿಗಳಿಗೆ ದೇವರ ವಾಕ್ಯವನ್ನು ಕೂಗಿ ಹೇಳುತ್ತಿದ್ದರು. ಪ್ರತಿಸಲವೂ ಏಟು ತಿನ್ನುತ್ತಿದ್ದರು. 1939ರ ಜುಲೈ 18ರಂದು ಅವರನ್ನು ಚುಚ್ಚುಮದ್ದಿನಿಂದ ಕೊಂದರು.

ಇನ್ನೊಂದು ಪ್ರಸಂಗ ಇದಕ್ಕೆ ವಿರುದ್ಧ ಎನಿಸುವಂಥದು. 1940ರ ಜೂನ್ 17ರಂದು ಡೀಟ್ರಿಕ್ ಬಾನ್‌ಹಾಫರ್ ತಮ್ಮ ಗೆಳೆಯ ಎಬರ್‌ಹಾರ್ಡ್ ಬೆಟ್‌ಗೆ ಜೊತೆ ಮೆಮೆಲ್ ಪಟ್ಟಣದ ಒಂದು ಹೋಟೆಲಿನಲ್ಲಿ ಕುಳಿತಿದ್ದರು. ಫ್ರಾನ್ಸ್ ಸೋತಿತೆಂದು ಧ್ವನಿವರ್ಧಕ ಸಾರಿತು. ಜನರೆಲ್ಲ ಎದ್ದು ಕೈ ಚಾಚಿದರು. ಬಾನ್‌ಹಾಫರ್ ಕೂಡ ಎದ್ದು ಕೈ ಎತ್ತಿದರು. ದಂಗಾಗಿ ನಿಂತ ಗೆಳೆಯನಿಗೂ ಎತ್ತಲು ಹೇಳಿದರು. ಇನ್ನು ಮುಂದೆ ಬೇರೆ ದೊಡ್ಡ ವಿಷಯಗಳಿಗಾಗಿ ಅಪಾಯಕ್ಕೆ ಒಡ್ಡಿಕೊಳ್ಳಬೇಕಾಗಿದೆ, ಈ ವಂದನೆಗಾಗಿ ಅಲ್ಲ ಎಂಬುದು ಅವರ ವಿವರಣೆ. ಆಗ ಅವರು ಹಿಟ್ಲರನ ವಿರುದ್ಧದ ಗುಪ್ತ ಸಂಚಿನ ಕಡೆಗೆ ಹೆಜ್ಜೆ ಹಾಕುತ್ತಿದ್ದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು.

ಒಬ್ಬರು ಟೊಪ್ಪಿ ತೆಗೆಯದೆ ಸತ್ತರು. ಇನ್ನೊಬ್ಬರು ಕೈ ಎತ್ತಿಯೂ ಸತ್ತರು. ಯಾರು ಸರಿ ಎಂದು ತೂಗಿ ನೋಡುವ ಯೋಗ್ಯತೆ ನಮಗಿಲ್ಲ. ಆದರೆ ಇಬ್ಬರಿಗೂ ತಮ್ಮ ಕೈ ಏನು ಮಾಡುತ್ತಿದೆ, ಯಾರಿಗೆ ಮಾಡುತ್ತಿದೆ ಎಂಬ ಎಚ್ಚರ ಇತ್ತು. ಕೇಡು ಬೆಳೆದದ್ದು ಆ ಎಚ್ಚರವಿಲ್ಲದೆ ಎತ್ತಿದ ಲಕ್ಷಾಂತರ ಕೈಗಳಿಂದ.

ಈಗ ಹೋಗುವವರಿಗೆ ನಾಲ್ಕು ಮಾತು

ಇಂದು ಜರ್ಮನಿಯಲ್ಲಿ ಆ ವಂದನೆ ಕಾನೂನಿನ ಪ್ರಕಾರ ಅಪರಾಧ. ತಮಾಷೆಗೆ ಕೈ ಚಾಚಿ ಫೋಟೊ ತೆಗೆಸಿಕೊಂಡ ಪ್ರವಾಸಿಗಳಿಗೂ ದಂಡ ಬಿದ್ದಿದೆ. ಹಾಗಾಗಿ ಹಾಜರಿ ಹೇಳುವಾಗಲೋ ಯಾರನ್ನಾದರೂ ಕರೆಯುವಾಗಲೋ ಬಲಗೈಯನ್ನು ನೇರ ಮುಂದಕ್ಕೆ ಚಾಚಬೇಡಿ. ಅಲ್ಲಿಯ ಶಾಲೆಯಲ್ಲಿ ಮಕ್ಕಳು ಉತ್ತರ ಹೇಳಲು ತೋರುಬೆರಳೊಂದನ್ನೇ ಮೇಲೆತ್ತುವುದು ರೂಢಿ.

ಬೆಳಿಗ್ಗೆ ‘ಗೂಟನ್ ಮೊರ್ಗನ್’, ಹಗಲು ‘ಗೂಟನ್ ಟಾಗ್’, ಸಂಜೆ ‘ಗೂಟನ್ ಆಬೆಂಟ್’. ‘ಗೂಟೆ ನಾಕ್ಟ್’ ಮಲಗಲು ಹೋಗುವಾಗ ಮಾತ್ರ. ರಾತ್ರಿ ಪಾಳಿಗೆ ಬಂದು ಅದನ್ನು ಹೇಳಿದರೆ ಬಂದ ಕೂಡಲೇ ನಿದ್ದೆಗೆ ಹೊರಟಂತಾಗುತ್ತದೆ. ಉತ್ತರದಲ್ಲಿ, ಕಿಟ್ಟೆಲರ ಹುಟ್ಟೂರ ಕಡೆ, ಹಗಲೂ ರಾತ್ರಿಯೂ ‘ಮೋಯ್ನ್’ ಎಂಬ ಒಂದೇ ಮಾತು ಸಾಕು. ವೈದ್ಯರ ಕ್ಲಿನಿಕ್ಕಿನಲ್ಲಿ ಕಾಯುವ ಕೋಣೆಗೆ ಹೋದರೆ, ಸಣ್ಣ ಅಂಗಡಿಗೆ ಕಾಲಿಟ್ಟರೆ, ಅಲ್ಲಿದ್ದವರು ಪರಿಚಯದವರಲ್ಲದಿದ್ದರೂ ವಂದನೆ ಹೇಳುವುದು ಮರ್ಯಾದೆ. ಸುಮ್ಮನೆ ನಕ್ಕರೆ ಸಾಲದು.

ಮೊದಲ ಭೇಟಿಯಲ್ಲಿ ದೊಡ್ಡವರೆಲ್ಲರಿಗೂ ‘ಜೀ’. ‘ಡೂ’ ಎಂದು ಕರೆಯಬಹುದೆಂದು ಹೇಳುವ ಹಕ್ಕು ಹಿರಿಯರದು. ಅವರು ಹೇಳುವವರೆಗೆ ಕಾಯಬೇಕು. ನಮ್ಮ ಹಾಗೆ ಅಂಕಲ್, ಆಂಟಿ, ಅಜ್ಜಿ ಎಂದು ಕರೆಯುವ ರೂಢಿ ಇಲ್ಲ. ಎಂಬತ್ತು ವರ್ಷದ ರೋಗಿಯನ್ನು ಪ್ರೀತಿಯಿಂದ ‘ಅಜ್ಜಿ’ ಎಂದರೆ ಅವರಿಗೆ ನೋವಾಗಬಹುದು. ‘ಫ್ರೌ’ ಅಥವಾ ‘ಹೆರ್’ ಜೊತೆಗೆ ಅವರ ಮನೆತನದ ಹೆಸರು ಹೇಳಬೇಕು. ನಮ್ಮಲ್ಲಿ ಮನೆತನದ ಹೆಸರಿನ ಬದಲು ಇನಿಶಿಯಲ್ ಇರುವವರು ಪಾಸ್‌ಪೋರ್ಟಿನಲ್ಲಿ ಯಾವುದು ಕೊನೆಯ ಹೆಸರಾಗಿದೆ ಎಂದು ನೋಡಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿ ಎಲ್ಲರೂ ಕರೆಯುವುದು ಅದರಿಂದಲೇ.

‘ಇಷ್ ಹೈಸೆ’ ಎಂದು ಹೇಳಿ ನಿಮ್ಮ ಹೆಸರು ಹೇಳಿ. ಕೈ ಕುಲುಕುವಾಗ ಕಣ್ಣು ನೋಡಿ; ನಮ್ಮಲ್ಲಿ ಹಿರಿಯರ ಮುಂದೆ ತಲೆ ತಗ್ಗಿಸುವುದು ವಿನಯ, ಅಲ್ಲಿ ಕಣ್ಣು ತಪ್ಪಿಸಿದರೆ ಏನೋ ಮುಚ್ಚಿಡುತ್ತಾರೆ ಎಂದುಕೊಳ್ಳಬಹುದು. ‘ವೀ ಗೇಟ್ ಎಸ್ ಈನೆನ್?’ ಅಂದರೆ ‘ಹೇಗಿದ್ದೀರಿ?’. ‘ಡಾಂಕೆ, ಗೂಟ್’ ಎಂದು ಹೇಳಿ ಅವರ ಕ್ಷೇಮವನ್ನೂ ಕೇಳಿ. ನಮ್ಮ ‘ಊಟ ಆಯ್ತಾ?’ ಅಲ್ಲಿ ವಂದನೆಯಲ್ಲ. ಕೇಳಿದರೆ ಊಟಕ್ಕೆ ಕರೆಯುತ್ತೀರೆಂದು ತಿಳಿದಾರು. ಸಂಬಳ ಎಷ್ಟು, ಮದುವೆ ಆಗಿದೆಯಾ, ಮಕ್ಕಳೆಷ್ಟು ಎಂಬ ಪ್ರಶ್ನೆಗಳನ್ನು ಗುರುತು ಬೆಳೆಯುವ ತನಕ ಇಟ್ಟುಕೊಂಡಿರಿ. ಮಳೆ, ಚಳಿ, ಪ್ರಯಾಣದ ಮಾತು ಯಾವಾಗಲೂ ಸಲ್ಲುತ್ತದೆ.

‘ವೋಹೇರ್ ಕೊಮ್ಮೆನ್ ಜೀ?’ ಎಂದು ಅವರು ಕೇಳುತ್ತಾರೆ. ಎಲ್ಲಿಂದ ಬಂದಿರಿ ಎಂದರ್ಥ. ಭಾರತದಿಂದ, ಕೇರಳದಿಂದ ಎನ್ನಿ. ತಾಯಿನುಡಿ ಕನ್ನಡ ಎಂದು ಹೇಳಲು ಸಂಕೋಚ ಬೇಡ. ಅವರ ಭಾಷೆಯಲ್ಲಿ ಕೆನಡಾ ದೇಶದ ಹೆಸರು ‘ಕನಡ’. ಹಾಗಾಗಿ ಒಮ್ಮೆ ಗಲಿಬಿಲಿ ಆಗಬಹುದು. ಆಗ ‘ಕನರೇಸಿಷ್’ ಎನ್ನಿ. ಬಾಸೆಲ್ ಮಿಶನಿನವರು ನಮ್ಮ ಭಾಷೆಯನ್ನು ಕರೆಯುತ್ತಿದ್ದ ಜರ್ಮನ್ ಹೆಸರು ಅದು. ಕನ್ನಡದ ನಿಘಂಟು ಬರೆದವರು ಟ್ಯೂಬಿಂಗೆನ್ ನಗರದಲ್ಲಿ 1903ರಲ್ಲಿ ತೀರಿಕೊಂಡರು ಎಂದೂ ಹೇಳಿ ನೋಡಿ. ಮೊದಲ ಮಾತುಕತೆಗೆ ಅದಕ್ಕಿಂತ ಒಳ್ಳೆಯ ವಿಷಯ ಸಿಗಲಿಕ್ಕಿಲ್ಲ.

ಇಲ್ಲೇ ಉಳಿಯುವ ನಮಗೆ

ರೂತಳ ಪುಸ್ತಕದಲ್ಲಿ ಬೋವಜನು ಹೊಲಕ್ಕೆ ಬಂದು ಕೊಯ್ಲಿನವರಿಗೆ ಕರ್ತನು ನಿಮ್ಮ ಸಂಗಡ ಇರಲಿ ಎಂದು ಹೇಳುತ್ತಾನೆ. ಅವರು ಕರ್ತನ ಆಶೀರ್ವಾದ ಕೋರಿ ಉತ್ತರಿಸುತ್ತಾರೆ. ಯಜಮಾನನೂ ಕೂಲಿಯವರೂ ಒಬ್ಬರಿಗೊಬ್ಬರು ದೇವರ ಹೆಸರಿನಲ್ಲಿ ಒಳ್ಳೆಯದನ್ನು ಬಯಸಿದರು. ಯೇಸುಸ್ವಾಮಿ ಶಿಷ್ಯರನ್ನು ಕಳುಹಿಸುವಾಗ ಯಾವ ಮನೆಗೆ ಹೋದರೂ ಮೊದಲು ಸಮಾಧಾನ ಹೇಳಿರಿ ಎಂದರು. ನಮ್ಮವರಿಗೆ ಮಾತ್ರ ವಂದನೆ ಹೇಳಿದರೆ ಅದರಲ್ಲಿ ಏನು ಹೆಚ್ಚುಗಾರಿಕೆ ಎಂದೂ ಪರ್ವತದ ಪ್ರಸಂಗದಲ್ಲಿ ಕೇಳಿದರು.

ನಮ್ಮ ಊರಿನಲ್ಲಿ ವಂದನೆಗಳಿಗೆ ಬಡತನವಿಲ್ಲ. ನಮಸ್ಕಾರ ಇದೆ, ಸಲಾಂ ಇದೆ, ಸ್ತೋತ್ರ ಇದೆ, ತುಳುವಿನ ‘ಎಂಚ ಉಲ್ಲರ್’ ಇದೆ, ಮಲಯಾಳದ ‘ಸುಖಮಾಣೋ’ ಇದೆ. ಆದರೆ ಇತ್ತೀಚೆಗೆ ವಂದನೆ ಕೇಳಿ ಮನುಷ್ಯ ಯಾವ ಕಡೆಯವನು ಎಂದು ಅಳೆಯುವ ಅಭ್ಯಾಸ ನಮ್ಮಲ್ಲೂ ಬೆಳೆಯುತ್ತಿದೆ. ಭಾನುವಾರ ಆರಾಧನೆ ಮುಗಿದು ಹೊರಗೆ ಬಂದ ಮೇಲೆ ನಮ್ಮ ನಮ್ಮವರನ್ನು ಮಾತ್ರ ಮಾತಾಡಿಸಿ, ಗೇಟಿನ ಹತ್ತಿರ ನಿಂತ ರಿಕ್ಷಾದವರನ್ನೂ ಪಕ್ಕದ ಕಟ್ಟಡದಲ್ಲಿ ದುಡಿಯುವ ಹೊರರಾಜ್ಯದ ತಮ್ಮಂದಿರನ್ನೂ ನೋಡದ ಹಾಗೆ ದಾಟಿಹೋಗುತ್ತೇವೆ. ಮಾತಾಡಿಸದೆ ಇರುವುದೂ ಒಂದು ಬಗೆಯ ಉತ್ತರವೇ.

ಜರ್ಮನಿಗೆ ಹೋಗುವವರು ಅಲ್ಲಿ ‘ಗ್ರೂಸ್ ಗೊಟ್’ ಎಂದಾಗ ಅದರೊಳಗಿರುವ ಪ್ರಾರ್ಥನೆಯನ್ನು ನೆನೆದು ಹೇಳಲಿ. ಅಲ್ಲಿನ ಎಷ್ಟೋ ಮಂದಿಗೆ ಅದು ಬರೀ ರೂಢಿಯಾಗಿದೆ. ಹೊಸಬರ ಬಾಯಲ್ಲಿ ಕೇಳಿ ಅವರಿಗೂ ಅರ್ಥ ಹೊಳೆಯಬಹುದು. ನಾವು ಈ ಭಾನುವಾರ ದೇವಾಲಯದ ಗೇಟಿನಿಂದಲೇ ಶುರುಮಾಡೋಣ. ಈವರೆಗೆ ಮಾತಾಡಿಸದ ಒಬ್ಬರನ್ನು ಅವರ ಭಾಷೆಯಲ್ಲಿ, ಅವರಿಗೆ ಒಪ್ಪುವ ಮರ್ಯಾದೆಯಲ್ಲಿ ಮಾತಾಡಿಸೋಣ.

ದೇವರು ನಿಮ್ಮೆಲ್ಲರನ್ನೂ ಮಾತಾಡಿಸಲಿ.